ಮುಂಬಯಿಯ ಗ್ಲ್ಯಾಮ್ ರಾಕ್, ಅಣಕು ಮೆಟಲ್ ಮತ್ತು ಜನಪ್ರಿಯ ಪಾಪ್

ಗ್ಲ್ಯಾಮ್ ಮೆಟಲ್ ಎಂಬುದು ಹೆವಿ ಮೆಟಲ್ ಸಂಗೀತದ ಒಂದು ಕವಲು. ಗಿಟಾರಿನ ಅಬ್ಬರವನ್ನು ಅದು ಮೆಟಲ್‌ನಿಂದ ಪಡೆಯಿತು, ಒಮ್ಮೆ ಕೇಳಿದರೆ ಬಾಯಿಗೆ ಹತ್ತುವ ಪಲ್ಲವಿಯನ್ನು ಪಾಪ್‌ನಿಂದ ಪಡೆಯಿತು. ಉಬ್ಬಿಸಿದ ಕೂದಲು, ಕಣ್ಣಿನ ಕಾಡಿಗೆ, ಮೈಗಂಟಿದ ಚರ್ಮದ ಉಡುಪು, ಮಿನುಗುವ ಬಟ್ಟೆ ಇವೆಲ್ಲ ಅದರ ವೇಷ. 1980ರ ದಶಕದ ಮೊದಲಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್ಬುಗಳಲ್ಲಿ ಈ ಶೈಲಿ ಬೆಳೆಯಿತು. ಕ್ವಯಟ್ ರಯಟ್ ತಂಡದ ‘ಮೆಟಲ್ ಹೆಲ್ತ್’ 1983ರಲ್ಲಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ತುದಿಗೇರಿದಾಗ ಅದು ಮುಖ್ಯಧಾರೆಗೆ ಬಂದಿತು. ಮಾಟ್ಲಿ ಕ್ರೂ, ರ್‍ಯಾಟ್, ಪಾಯ್ಸನ್, ಬಾನ್ ಜೋವಿ ತಂಡಗಳು ದಶಕದುದ್ದಕ್ಕೂ ಮೆರೆದವು. 1991ರಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದ ಮೇಲೆ ಈ ಮೆರವಣಿಗೆ ಬಹುಬೇಗ ಚದುರಿತು.

ಇಷ್ಟೊಂದು ವೇಷವಿರುವ ಕಲೆಗೆ ಅಣಕ ಹುಟ್ಟುವುದು ಸಹಜ. 1984ರಲ್ಲಿ ರಾಬ್ ರೈನರ್ ನಿರ್ದೇಶಿಸಿದ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಚಿತ್ರ ಇಲ್ಲದ ತಂಡವೊಂದರ ಪ್ರವಾಸವನ್ನು ಸಾಕ್ಷ್ಯಚಿತ್ರದ ಧಾಟಿಯಲ್ಲಿ ಹೇಳಿತು. ಆ ಕಲ್ಪಿತ ತಂಡ ಮುಂದೆ ನಿಜವಾದ ಕಛೇರಿಗಳನ್ನೂ ಕೊಟ್ಟಿತು. 2000ದಲ್ಲಿ ಲಾಸ್ ಏಂಜಲೀಸಿನಲ್ಲೇ ಹುಟ್ಟಿದ ಸ್ಟೀಲ್ ಪ್ಯಾಂಥರ್ ತಂಡ ಮೆಟಲ್ ಶಾಪ್, ಮೆಟಲ್ ಸ್ಕೂಲ್ ಎಂಬ ಹೆಸರುಗಳನ್ನು ದಾಟಿ ಬಂದು, 1980ರ ದಶಕದ ಹಾಡುಗಳನ್ನು ಅದೇ ಬೀದಿಯ ಕ್ಲಬ್ಬುಗಳಲ್ಲಿ ವಾರವಾರ ನುಡಿಸುತ್ತ, 2009ರಲ್ಲಿ ‘ಫೀಲ್ ದ ಸ್ಟೀಲ್’ ಎಂಬ ಸ್ವಂತ ಹಾಡುಗಳ ಆಲ್ಬಂ ತಂದಿತು. ಇಂಗ್ಲೆಂಡಿನ ದ ಡಾರ್ಕ್‌ನೆಸ್ ತಂಡದ ‘ಪರ್ಮಿಷನ್ ಟು ಲ್ಯಾಂಡ್’ 2003ರಲ್ಲಿ ಆ ದೇಶದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಭಕ್ತಿ ಎಷ್ಟು, ನಗು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಒಳ್ಳೆಯ ಅಣಕದ ಗುಣವೇ ಅದು: ಮೂಲವನ್ನು ಪ್ರೀತಿಸದವನಿಗೆ, ಅದರ ಕಸುಬು ಗೊತ್ತಿಲ್ಲದವನಿಗೆ ಅದು ದಕ್ಕುವುದಿಲ್ಲ.

ಮುಂಬಯಿಯಲ್ಲಿ ವೇಷದಿಂದ ಅಣಕಕ್ಕೆ, ಅಣಕದಿಂದ ಜನಪ್ರಿಯತೆಗೆ ಸಾಗುವ ಈ ಕಥೆ ಒಂದೇ ತಂಡದ ಬಾಳಿನಲ್ಲಿ ನಡೆಯಲಿಲ್ಲ. ಗ್ಲ್ಯಾಮ್ ವೇಷ ತೊಟ್ಟ ತಂಡ ಒಂದು, ಮೆಟಲ್ ಅನ್ನು ನಗೆಗೆ ಹೊರಳಿಸಿದ ತಂಡ ಇನ್ನೊಂದು, ಅಣಕದಿಂದ ಹೊರಟು ಲಕ್ಷಾಂತರ ಮನೆಗಳನ್ನು ಮುಟ್ಟಿದ ಗಾಯಕ ಮತ್ತೊಬ್ಬ. ಇವರನ್ನು ಜೋಡಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಊರಿನಲ್ಲಿ ಪರದೇಶದ ಸಂಗೀತ ಬಜಾರಿಗೆ ಇಳಿದದ್ದು ಬಹುಮಟ್ಟಿಗೆ ನಗುವಿನ ಮೂಲಕ, ಮತ್ತು ಆ ನಗು ಬೀದಿಯ ಮಾತನ್ನು ಆಡಿದಾಗ. ಇಂಗ್ಲಿಷಿನಲ್ಲಿ ಗಂಭೀರವಾಗಿ ನುಡಿಸಿದವರು ಗೌರವ ಗಳಿಸಿದರು. ಜನಪ್ರಿಯತೆ ಅವರಿಗೆ ಸಿನಿಮಾದ ಬಾಗಿಲಿನಿಂದಲೇ ಬರಬೇಕಾಯಿತು.

ಸಿನಿಮಾದ ಪೂರ್ವರಂಗ

ರಾಕ್ ತಂಡಗಳು ಹುಟ್ಟುವ ಎಷ್ಟೋ ಮುಂಚೆ ಹಿಂದಿ ಚಿತ್ರಸಂಗೀತ ರಾಕ್ ಅಂಡ್ ರೋಲ್ ಅನ್ನು ನಗುತ್ತ ಒಳಗೆ ಕರೆದುಕೊಂಡಿತ್ತು. 1957ರ ‘ಆಶಾ’ ಚಿತ್ರಕ್ಕೆ ಸಿ. ರಾಮಚಂದ್ರ ಸಂಯೋಜಿಸಿದ ‘ಈನಾ ಮೀನಾ ಡೀಕಾ’ ಅರ್ಥಕ್ಕೆ ತಲೆಕೆಡಿಸಿಕೊಳ್ಳದ ಪದಗಳ ಓಟ. ಅದನ್ನು ಕಿಶೋರ್ ಕುಮಾರ್ ಒಮ್ಮೆ, ಆಶಾ ಭೋಂಸ್ಲೆ ಒಮ್ಮೆ ಹಾಡಿದರು. ಸ್ಟುಡಿಯೋಗಳಲ್ಲಿ ಟ್ರಂಪೆಟ್, ಸ್ಯಾಕ್ಸೋಫೋನ್ ನುಡಿಸುತ್ತಿದ್ದವರಲ್ಲಿ ಗೋವೆಯ ವಾದ್ಯಗಾರರು ಬಹಳ ಮಂದಿ. ಹಗಲು ಸಿನಿಮಾ, ರಾತ್ರಿ ಹೋಟೆಲಿನ ಜಾಝ್ ಎಂಬ ಅವರ ದಿನಚರಿಯಿಂದಲೇ ಈ ಹಾಡುಗಳಿಗೆ ಸಹಜ ಲಯ ಸಿಕ್ಕಿತು.

1965ರ ‘ಗುಮ್ನಾಮ್’ ಚಿತ್ರದ ‘ಜಾನ್ ಪಹೆಚಾನ್ ಹೋ’ ಈ ಲೇಖನದ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ. ಶಂಕರ್-ಜೈಕಿಶನ್ ಸಂಗೀತ, ಮೊಹಮ್ಮದ್ ರಫಿ ಕಂಠ. ಪರದೆಯ ಮೇಲೆ ಟೆಡ್ ಲಯನ್ಸ್ ಅಂಡ್ ಹಿಸ್ ಕಬ್ಸ್ ಎಂಬ ನಿಜವಾದ ತಂಡ, ಎದುರಿಗೆ ಮುಖವಾಡ ತೊಟ್ಟ ನರ್ತಕರು, ನಡುವೆ ಲಕ್ಷ್ಮೀ ಛಾಯಾ. ಹಾಡಿಗೆ ತುಟಿ ಆಡಿಸಿದವರು ನೃತ್ಯ ಸಂಯೋಜಕ ಹರ್ಮನ್ ಬೆಂಜಮಿನ್. ರಾಕ್ ತಂಡವೊಂದು ತನ್ನನ್ನು ತಾನೇ ಹಿಗ್ಗಿಸಿ ತೋರಿಸಿಕೊಂಡ ಈ ದೃಶ್ಯವನ್ನು 2001ರ ಅಮೆರಿಕನ್ ಚಿತ್ರ ‘ಘೋಸ್ಟ್ ವರ್ಲ್ಡ್’ ತನ್ನ ಆರಂಭಕ್ಕೆ ಬಳಸಿಕೊಂಡ ಮೇಲೆ ಅದಕ್ಕೆ ಪಶ್ಚಿಮದಲ್ಲಿ ಹೊಸ ಅಭಿಮಾನಿಗಳು ಹುಟ್ಟಿದರು. 1977ರ ‘ಅಮರ್ ಅಕ್ಬರ್ ಆಂಥನಿ’ಯಲ್ಲಿ ಅಮಿತಾಭ್ ಬಚ್ಚನ್ ದೊಡ್ಡ ಮೊಟ್ಟೆಯಿಂದ ಹೊರಬಂದು ಅರ್ಥಹೀನ ಇಂಗ್ಲಿಷನ್ನು ಗಂಭೀರವಾಗಿ ಒದರುವ ಹಾಡನ್ನು ಇಡೀ ದೇಶ ಹಾಡಿತು. ಆ ಹಾಡಿನಲ್ಲಿ ಬರುವ ಆಂಥನಿ ಗೊನ್ಸಾಲ್ವಿಸ್ ಎಂಬ ಹೆಸರು ಚಿತ್ರದ ಸಂಗೀತ ನಿರ್ದೇಶಕ ಜೋಡಿಯ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಗೋವೆಯ ಗುರುವಿನದು. ನಗೆಯ ಒಳಗೆ ಗುರುಕಾಣಿಕೆಯನ್ನು ಇಟ್ಟ ಈ ನಡೆಯನ್ನು ಮರೆಯಬಾರದು.

1982ರ ‘ಡಿಸ್ಕೋ ಡ್ಯಾನ್ಸರ್’ ಬಂದಾಗ ಗ್ಲ್ಯಾಮ್ ವೇಷಕ್ಕೆ ಮುಂಬಯಿಯಲ್ಲಿ ಹೊಸದಾಗಿ ಮಾಡಲು ಏನೂ ಉಳಿದಿರಲಿಲ್ಲ ಎನ್ನಬೇಕು. ಮಿಥುನ್ ಚಕ್ರವರ್ತಿಯ ಬೆಳ್ಳಿಯ ಹೊಳಪಿನ ಉಡುಪು, ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯ ಕೊರಳಿನ ಚಿನ್ನ, ಬಣ್ಣದ ದೀಪಗಳು. ಲಾಸ್ ಏಂಜಲೀಸಿನ ಹುಡುಗರು ತೊಟ್ಟದ್ದಕ್ಕಿಂತ ಇದು ಕಡಿಮೆಯೇನಲ್ಲ. ಸೋವಿಯತ್ ಒಕ್ಕೂಟದಲ್ಲೂ ಚಿತ್ರ ಅಪಾರ ಜನಪ್ರಿಯವಾಯಿತು. ಮುಂದೆ ಮುಂಬಯಿಯ ಅಣಕಕಾರರಿಗೆ ಗುರಿಯಾಗಿ ಸನ್‌ಸೆಟ್ ಸ್ಟ್ರಿಪ್ ಬೇಕಾಗದೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ. ನೋಡುವವರಿಗೆಲ್ಲ ಗೊತ್ತಿದ್ದ ಆಡಂಬರ ಹಿಂದಿ ಚಿತ್ರದ್ದು.

ರಾಕ್ ಮಷೀನ್

ಮುಂಬಯಿಯ ಗ್ಲ್ಯಾಮ್ ರಾಕ್‌ನ ಚರಿತ್ರೆಯೆಂದರೆ ಬಹುಪಾಲು ರಾಕ್ ಮಷೀನ್ ತಂಡದ ಚರಿತ್ರೆ. 1984ರಲ್ಲಿ ಕಟ್ಟಿದ ಈ ತಂಡದಲ್ಲಿ ಗಿಟಾರಿಗೆ ಮಹೇಶ್ ತಿನೈಕರ್ ಮತ್ತು ಜಯೇಶ್ ಗಾಂಧಿ, ಬೇಸ್‌ಗೆ ಮಾರ್ಕ್ ಸೆಲ್ವಿನ್, ಡ್ರಮ್ಸ್‌ಗೆ ಮಾರ್ಕ್ ಮೆನೆಜಸ್, ಕೀಬೋರ್ಡಿಗೆ ಜುಬಿನ್ ಬಾಲಪೋರಿಯಾ ಇದ್ದರು. ಮೊದಲ ಗಾಯಕ ಇಯಾನ್ ಸಾಂತಾಮರಿಯಾ. ಅವರ ನಂತರ ಮುಂದೆ ನಿಂತು ತಂಡದ ಮುಖವಾದವರು ಉದಯ್ ಬೆನೆಗಲ್. ಉದ್ದ ಕೂದಲು, ತಲೆಪಟ್ಟಿ, ಚರ್ಮದ ಉಡುಪು, ಎತ್ತರದ ಸ್ವರದಲ್ಲಿ ಎಲ್ಲರೂ ಕೂಡಿ ಹಾಡುವ ಪಲ್ಲವಿ: ಆ ಕಾಲದ ಚಿತ್ರಗಳಲ್ಲಿ ಅವರನ್ನು ನೋಡಿದರೆ ಅಮೆರಿಕದ ಯಾವುದೋ ತಂಡವೆಂದೇ ತೋರುತ್ತದೆ.

ಅವರು ಇದನ್ನು ಅಣಕಕ್ಕಾಗಿ ಮಾಡಲಿಲ್ಲ. ಆಗ ಬೊಂಬಾಯಿಯ ಕಾಲೇಜು ಉತ್ಸವಗಳಲ್ಲಿ ತಂಡವೊಂದರ ಯೋಗ್ಯತೆಯನ್ನು ಅಳೆಯುತ್ತಿದ್ದದ್ದು ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ಹಾಡನ್ನು ಅದು ಎಷ್ಟು ಚೆನ್ನಾಗಿ ನುಡಿಸಬಲ್ಲದು ಎಂಬುದರಿಂದ. ಒಳ್ಳೆಯ ಗಿಟಾರು, ಆಂಪ್ಲಿಫೈಯರ್ ದೇಶದೊಳಗೆ ಸಿಗುತ್ತಿರಲಿಲ್ಲ, ಆಮದಿನ ಸುಂಕ ವಿಪರೀತ. ಇಂಥ ಹೊತ್ತಿನಲ್ಲಿ ತಮ್ಮದೇ ಹಾಡು ಬರೆದು ವೇದಿಕೆಗೆ ಏರುವುದೇ ಒಂದು ಸಾಹಸ. 1988ರ ‘ರಾಕ್ ಎನ್ ರೋಲ್ ರೆನೆಗೇಡ್’ ಹೆಸರಿನಲ್ಲೇ ಆ ಹಟ ಇದೆ. 1990ರಲ್ಲಿ ‘ದ ಸೆಕೆಂಡ್ ಕಮಿಂಗ್’ ಬಂದಿತು. ‘ಟಾಪ್ ಆಫ್ ದ ರಾಕ್’ ಹಾಡಿನ ವಿಡಿಯೋ ಟಿವಿಯಲ್ಲಿ ಬಂದಾಗ, ಭಾರತದಲ್ಲೂ ಇಂಥ ತಂಡವಿದೆಯೆ ಎಂದು ಊರೂರಿನ ಹುಡುಗರು ಬೆರಗಾದರು. ಬೆಂಗಳೂರು, ಶಿಲ್ಲಾಂಗ್, ಚೆನ್ನೈಗಳ ಎಷ್ಟೋ ತಂಡಗಳು ಪರರ ಹಾಡು ನುಡಿಸುವ ಕವರ್ ಬಿಟ್ಟು ಸ್ವಂತ ಹಾಡಿಗೆ ಕೈಹಾಕಲು ಧೈರ್ಯ ಬಂದದ್ದು ಇಂಥ ನಿದರ್ಶನದಿಂದ.

ಕಾಲವೂ ಕೂಡಿಬಂದಿತ್ತು. ಫರ್ಹಾದ್ ವಾಡಿಯಾ 1986ರಲ್ಲಿ ಆರಂಭಿಸಿದ ಇಂಡಿಪೆಂಡೆನ್ಸ್ ರಾಕ್ ಉತ್ಸವ, ಎಲ್ಲರ ಬಾಯಲ್ಲಿ ಐ-ರಾಕ್, ಮುಂಬಯಿಯ ತಂಡಗಳಿಗೆ ವರ್ಷದ ಪರೀಕ್ಷೆಯಾಯಿತು. ಧೋಬಿ ತಲಾವಿನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಹತ್ತಿರದ ಬಯಲು ರಂಗಮಂದಿರ ರಂಗಭವನ ಅದರ ಮನೆ. ಪೊವಾಯಿಯ ಐಐಟಿಯ ಮೂಡ್ ಇಂಡಿಗೊ ಉತ್ಸವದ ರಾಕ್ ಸ್ಪರ್ಧೆಗೂ ತಂಡಗಳು ವರ್ಷವಿಡೀ ತಾಲೀಮು ನಡೆಸುತ್ತಿದ್ದವು. ಸ್ಟಾರ್ ಟಿವಿಯ ಜೊತೆ 1991ರಲ್ಲಿ ಎಂಟಿವಿ ಬಂತು. ‘ಪ್ರೆಟಿ ಚೈಲ್ಡ್’ ವಿಡಿಯೋಗೆ ಎಂಟಿವಿ ಏಷ್ಯಾ ವೀಕ್ಷಕರ ಆಯ್ಕೆಯ ಪ್ರಶಸ್ತಿ ದೊರೆಯಿತು.

ಅದೇ ಹೊತ್ತಿಗೆ ಗ್ಲ್ಯಾಮ್‌ನ ಕಾಲ ಮುಗಿದಿತ್ತು. ತಂಡಕ್ಕೂ ಅದು ತಿಳಿದಿತ್ತು. 1993ರಲ್ಲಿ ಅವರು ಹೆಸರನ್ನು ಇಂಡಸ್ ಕ್ರೀಡ್ ಎಂದು ಬದಲಿಸಿದರು. ಕೂದಲಿನ ಆಡಂಬರ ತಗ್ಗಿತು, ಹಾಡುಗಳಲ್ಲಿ ತಮ್ಮ ನೆಲದ ದನಿಯ ಹುಡುಕಾಟ ಕಾಣಿಸಿತು. ‘ಇಂಡಸ್ ಕ್ರೀಡ್’ ಎಂಬ ಆಲ್ಬಂ 1995ರಲ್ಲಿ ಬಂದಿತು. 1997ರಲ್ಲಿ ತಂಡ ಚದುರಿತು. ಉದಯ್ ಬೆನೆಗಲ್ ಮತ್ತು ಜಯೇಶ್ ಗಾಂಧಿ ನ್ಯೂಯಾರ್ಕಿಗೆ ಹೋಗಿ ಆಮ್ಸ್ ಫಾರ್ ಶಾಂತಿ ಎಂಬ ತಂಡ ಕಟ್ಟಿದರು. 2010ರಲ್ಲಿ ಬೆನೆಗಲ್, ತಿನೈಕರ್, ಬಾಲಪೋರಿಯಾ ಮೂವರೂ ರುಷಾದ್ ಮಿಸ್ತ್ರಿ ಮತ್ತು ಜೈ ರಾವ್ ಕವಿ ಜೊತೆಗೂಡಿ ಇಂಡಸ್ ಕ್ರೀಡ್ ಅನ್ನು ಮತ್ತೆ ಕಟ್ಟಿದರು. 2012ರಲ್ಲಿ ‘ಇವಾಲ್ವ್’ ಬಿಡುಗಡೆಯಾಯಿತು. ಅವರ ದಾಖಲೆಗಳಲ್ಲಿ ಅತ್ಯಂತ ಪಕ್ವವಾದದ್ದು ಇದು. ಆದರೂ ರಾಕ್ ಮಷೀನ್ ಹಾಡನ್ನು ಗಿರಗಾಂವ್ ಚಾಳಿನಲ್ಲಾಗಲಿ ಡೊಂಬಿವಿಲಿ ಲೋಕಲ್‌ನಲ್ಲಾಗಲಿ ಯಾರೂ ಗುನುಗಲಿಲ್ಲ. ಅದು ಅವರ ಪ್ರತಿಭೆಯ ಕೊರತೆಯಿಂದಲ್ಲ. ಇಂಗ್ಲಿಷ್ ಹಾಡು ತಲುಪುವ ದೂರವೇ ಅಷ್ಟು.

ಬಾಬಾ ಸೆಹಗಲ್ ಮತ್ತು ಅಣಕದ ಬಜಾರು

ಮುಂಬಯಿಯಲ್ಲಿ ಅಣಕದಿಂದ ಪಾಪ್‌ನ ತುದಿಗೇರಿದ ನಿಜವಾದ ಉದಾಹರಣೆ ಮೆಟಲ್‌ನದಲ್ಲ, ರ್‍ಯಾಪ್‌ನದು. ಲಖನೌದ ಹರ್‌ಜೀತ್ ಸಿಂಗ್ ಸೆಹಗಲ್ ಪಂತನಗರದಲ್ಲಿ ಎಂಜಿನಿಯರಿಂಗ್ ಓದಿ, ದೆಹಲಿಯ ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಮುಂಬಯಿಗೆ ಬಂದು ಬಾಬಾ ಸೆಹಗಲ್ ಆದರು. ‘ದಿಲ್‌ರುಬಾ’, ‘ಅಲಿಬಾಬಾ’ ಎಂಬ ಎರಡು ಆಲ್ಬಂಗಳ ನಂತರ 1992ರಲ್ಲಿ ಮ್ಯಾಗ್ನಾಸೌಂಡ್ ಕಂಪನಿ ಹೊರತಂದ ‘ಠಂಡಾ ಠಂಡಾ ಪಾನಿ’ ಅವರನ್ನು ಮನೆಮಾತಾಗಿಸಿತು.

ಆ ಶೀರ್ಷಿಕೆ ಹಾಡಿನ ಬೆನ್ನೆಲುಬು ವೆನಿಲಾ ಐಸ್ ಎಂಬ ಅಮೆರಿಕನ್ ಗಾಯಕನ 1990ರ ‘ಐಸ್ ಐಸ್ ಬೇಬಿ’. ಅದರ ಬೇಸ್ ಧಾಟಿಯಾದರೋ ಕ್ವೀನ್ ಮತ್ತು ಡೇವಿಡ್ ಬೋವಿಯ 1981ರ ‘ಅಂಡರ್ ಪ್ರೆಷರ್’ನಿಂದ ಬಂದದ್ದು. ಮೂರು ಕೈ ದಾಟಿ ಬಂದ ಧಾಟಿಯ ಮೇಲೆ ಸೆಹಗಲ್ ಬಿಸಿಲು, ಬಾಯಾರಿಕೆ, ತಣ್ಣೀರಿನ ಸಾಮಾನ್ಯ ಮಾತನ್ನು ಪ್ರಾಸ ಹಾಕಿ ಕೂರಿಸಿದರು. ಮೂಲವನ್ನು ಬಲ್ಲ ಬಾಂದ್ರಾದ ಹುಡುಗ ಅಣಕಕ್ಕೆ ನಕ್ಕ. ಮೂಲದ ಹೆಸರನ್ನೇ ಕೇಳಿರದ ಕಾನ್ಪುರದ ಹುಡುಗ ಹಾಡಿಗೇ ಕುಣಿದ. ಅಣಕ ತನ್ನ ಮೂಲದ ಹಂಗಿಲ್ಲದೆ ನಿಲ್ಲಬಲ್ಲ ಈ ಸ್ಥಿತಿಯೇ ಅದನ್ನು ಪಾಪ್ ಮಾಡುತ್ತದೆ. ಪೂಜಾ ಬೇಡಿ ಕಾಣಿಸಿಕೊಂಡ ‘ದಿಲ್ ಧಡ್ಕೆ’ ವಿಡಿಯೋ ಎಂಟಿವಿ ಏಷ್ಯಾದಲ್ಲಿ ಬಂದಿತು. ದೂರದರ್ಶನದ ಮೆಟ್ರೊ ವಾಹಿನಿಯ ‘ಸೂಪರ್‌ಹಿಟ್ ಮುಕಾಬಲಾ’ ಕಾರ್ಯಕ್ರಮದ ನಿರೂಪಕರಾಗಿ ಅವರು ಕೇಬಲ್ ಇಲ್ಲದ ಮನೆಗಳನ್ನೂ ಹೊಕ್ಕರು. ಮಣಿರತ್ನಂ ಅವರ ‘ರೋಜಾ’ದ ಹಿಂದಿ ಅವತರಣಿಕೆಗೆ ‘ರುಕ್ಮಿಣಿ ರುಕ್ಮಿಣಿ’ ಹಾಡಿದವರೂ ಅವರೇ. 2010ರ ದಶಕದಲ್ಲಿ ಯೂಟ್ಯೂಬ್‌ನಲ್ಲಿ ತಿಂಡಿ-ತಿನಿಸಿನ ಹಾಡುಗಳೊಂದಿಗೆ ಅವರು ಮತ್ತೆ ಕಾಣಿಸಿಕೊಂಡಾಗ, ಮೊದಲ ಅಲೆಯ ಹೊತ್ತಿಗೆ ಹುಟ್ಟಿರದ ಮಕ್ಕಳು ಕೇಳುಗರಾದರು.

ಸೆಹಗಲ್ ಅವರನ್ನು ಹಗುರವಾಗಿ ಕಂಡವರು ಅವರ ಕೆಲಸದ ತೂಕವನ್ನು ಗುರುತಿಸಲಿಲ್ಲ. ಹಿಂದಿಯಲ್ಲಿ ರ್‍ಯಾಪ್ ಕೂರುತ್ತದೆ ಎಂದು ಇಡೀ ದೇಶಕ್ಕೆ ಮೊದಲು ತೋರಿಸಿದ್ದು ಅವರು. ಕುರ್ಲಾದ ನೇಜಿ, ಅಂಧೇರಿಯ ಡಿವೈನ್ ಮೊದಲಾದವರು ಕಟ್ಟಿದ ಗಲ್ಲಿ ರ್‍ಯಾಪ್ ಬೇರೆಯೇ ನೋವಿನಿಂದ ಹುಟ್ಟಿದ್ದು ನಿಜ. ಆದರೆ ಕಿವಿಗಳನ್ನು ಅದಕ್ಕೆ ಹದಗೊಳಿಸಿದ್ದರಲ್ಲಿ ‘ಠಂಡಾ ಠಂಡಾ ಪಾನಿ’ಯ ಪಾಲಿದೆ.

ಟಿವಿ ವಾಹಿನಿಗಳೂ ಅಣಕವನ್ನು ಪೋಷಿಸಿದವು. ಮುಂಬಯಿಯಿಂದ ನಡೆದ ಚಾನೆಲ್ ವಿ 1994ರ ಸುಮಾರಿಗೆ ತನ್ನ ಜಾಹೀರಾತಿಗಾಗಿ ರೂಪಿಸಿದ ಕ್ವಿಕ್ ಗನ್ ಮುರುಗನ್ ಎಂಬ ದಕ್ಷಿಣದ ಕೌಬಾಯ್ 2009ರಲ್ಲಿ ಪೂರ್ಣಪ್ರಮಾಣದ ಚಲನಚಿತ್ರದ ನಾಯಕನಾದ. ತೆಲುಗಿನ ರಾಜೇಂದ್ರ ಪ್ರಸಾದ್ ಆ ಪಾತ್ರ ವಹಿಸಿದರು. ಊರಿನ ಮಾತಾದ ಮರಾಠಿಗೂ ಅಣಕ ಹೊಸತೇನಲ್ಲ. ಆಚಾರ್ಯ ಅತ್ರೆಯವರ ವಿಡಂಬನ ಕವಿತೆಗಳ ಸಂಕಲನ ‘ಝೇಂಡೂಚಿ ಫುಲೆ’ 1925ರಲ್ಲೇ ಬಂದು ಜನಪ್ರಿಯವಾಗಿತ್ತು.

ಬಿಡ್ಡು: ಬೆಂಗಳೂರಿನಿಂದ ಹೊರಟ ದಾರಿ

ತಮಾಷೆಯಿಂದ ಪಾಪ್‌ಗೆ ಸಾಗುವ ದಾರಿಯನ್ನು ಸೆಹಗಲ್ ಅವರಿಗಿಂತ ಮೊದಲೇ ಒಬ್ಬರು ತುಳಿದಿದ್ದರು. ಬೆಂಗಳೂರಿನಲ್ಲಿ ಬೆಳೆದ ಕೊಡವರಾದ ಬಿಡ್ಡು ಅಪ್ಪಯ್ಯ 1960ರ ದಶಕದಲ್ಲಿ ಟ್ರೋಜನ್ಸ್ ಎಂಬ ಬೀಟ್ ತಂಡದಲ್ಲಿ ಇಂಗ್ಲಿಷ್ ಹಾಡು ಹಾಡುತ್ತಿದ್ದವರು. ಮುಂಬಯಿಯಲ್ಲಿ ಕೆಲಕಾಲ ಹಾಡಿ, 1967ರಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಜೊತೆ ಒಂದು ಗಂಭೀರ ಪ್ರೇಮಗೀತೆ ಮುದ್ರಿಸಿದ ಮೇಲೆ ಗಾನತಟ್ಟೆಯ ಹಿಂಬದಿಗೆ ಇನ್ನೊಂದು ಹಾಡು ಬೇಕಾಯಿತು. ಸ್ಟುಡಿಯೋದಲ್ಲಿ ಉಳಿದಿದ್ದ ಕೆಲವೇ ನಿಮಿಷಗಳಲ್ಲಿ, ಆಗಿನ ಕುಂಗ್‌ಫೂ ಸಿನಿಮಾಗಳ ಹುಚ್ಚನ್ನು ನೆಪ ಮಾಡಿಕೊಂಡು, ಹೂ ಹಾ ಕೂಗುಗಳ ಸಮೇತ ಹಗುರವಾಗಿ ಮುದ್ರಿಸಿದ ‘ಕುಂಗ್ ಫೂ ಫೈಟಿಂಗ್’ ಅದು. ರೆಕಾರ್ಡ್ ಕಂಪನಿ ಅದನ್ನೇ ಮುಂಬದಿಗೆ ತಂದಿತು. ಆ ವರ್ಷವೇ ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ತಮಾಷೆಗೆ ಮಾಡಿದ ಹಾಡು ಮುಖ್ಯಧಾರೆಯ ತುದಿ ಮುಟ್ಟಿದ ಕಥೆಗಳಲ್ಲಿ ಇದಕ್ಕಿಂತ ದೊಡ್ಡದು ಕರ್ನಾಟಕದ ಮಟ್ಟಿಗೆ ಇನ್ನೊಂದಿಲ್ಲ.

ಆ ಗೆಲುವು ಸುತ್ತಿ ಬಂದು ಮುಂಬಯಿಯನ್ನೇ ಸೇರಿತು. ಬೆಂಗಳೂರಿನಲ್ಲೇ ಹುಟ್ಟಿದ್ದ ಫಿರೋಜ್ ಖಾನ್ ತಮ್ಮ ‘ಕುರ್ಬಾನಿ’ಗಾಗಿ 1980ರಲ್ಲಿ ಬಿಡ್ಡು ಅವರಿಂದ ‘ಆಪ್ ಜೈಸಾ ಕೋಯಿ’ ಮಾಡಿಸಿಕೊಂಡರು. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್. ಅವರಿಬ್ಬರ 1981ರ ‘ಡಿಸ್ಕೋ ದೀವಾನೆ’ ಸಿನಿಮಾದ ಆಸರೆಯಿಲ್ಲದೆ ಓಡಿದ ಪಾಪ್ ಆಲ್ಬಂ. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಕೂಡ ಬಿಡ್ಡು ಅವರದೇ. ಅದನ್ನು ತಂದದ್ದು ಸೆಹಗಲ್ ಅವರ ಆಲ್ಬಂ ತಂದಿದ್ದ ಮ್ಯಾಗ್ನಾಸೌಂಡ್ ಕಂಪನಿಯೇ.

ವರ್ಕ್‌ಶಾಪ್: ಮೆಟಲ್‌ನೊಳಗಿನ ನಗೆ

ಅಣಕು ಮೆಟಲ್ ಎಂಬ ಹೆಸರಿಗೆ ಮುಂಬಯಿಯಲ್ಲಿ ನೇರ ಹಕ್ಕುದಾರ ವರ್ಕ್‌ಶಾಪ್ ತಂಡ. ಇದರ ಗಾಯಕ ಸಾಹಿಲ್ ಮಖೀಜಾ, ಡೀಮನ್‌ಸ್ಟೀಲರ್ ಎಂಬ ವೇದಿಕೆಯ ಹೆಸರಿನವರು, 2000ದಿಂದ ಡೆಮೋನಿಕ್ ರೆಸರೆಕ್ಷನ್ ಎಂಬ ಅತ್ಯಂತ ಗಂಭೀರವಾದ ತಂಡವನ್ನು ನಡೆಸುತ್ತಿದ್ದರು. ಆ ತಂಡ 2010ರಲ್ಲಿ ಮೆಟಲ್ ಹ್ಯಾಮರ್ ಪತ್ರಿಕೆಯ ಗೋಲ್ಡನ್ ಗಾಡ್ಸ್ ಪ್ರಶಸ್ತಿ ಪಡೆಯಿತು. 2017ರಲ್ಲಿ ವಿಷ್ಣುವಿನ ಹತ್ತು ಅವತಾರಗಳ ಮೇಲೆ ‘ದಶಾವತಾರ್’ ಎಂಬ ಆಲ್ಬಂ ಮಾಡಿತು. ಅದೇ ಮನುಷ್ಯ ಇನ್ನೊಂದು ಕೈಯಲ್ಲಿ, ಬೇಸ್‌ಗೆ ರಿಜು ದಾಸ್‌ಗುಪ್ತ, ಡ್ರಮ್ಸ್‌ಗೆ ಹಮ್ಜಾ ಕಾಜಿ, ಗಿಟಾರಿಗೆ ದೇವೇಶ್ ದಯಾಳ್ ಇದ್ದ ವರ್ಕ್‌ಶಾಪ್‌ನಲ್ಲಿ, ಊರಿನ ದಿನನಿತ್ಯದ ಪಾಡನ್ನು ಮೆಟಲ್‌ನ ಅಬ್ಬರಕ್ಕೆ ಹೊಂದಿಸಿ ಹಾಡಿದರು. 2009ರ ‘ಖೂನಿ ಮುರ್ಗಾ’ (ಕೊಲೆಗಡುಕ ಕೋಳಿ), 2012ರ ‘ಮೇಡ್ ಲವ್ ಟು ದ ಡ್ರ್ಯಾಗನ್’ ಅವರ ಆಲ್ಬಂಗಳು. ‘ಪುಢೆ ಸರ್ಕಾ’ (ಮುಂದೆ ಸರಿಯಿರಿ) ಎಂಬ ಹಾಡಿನ ಹೆಸರು ಮುಂಬಯಿ ನಗರಸಾರಿಗೆಯಾದ ಬೆಸ್ಟ್ ಬಸ್ಸಿನ ಕಂಡಕ್ಟರು ದಿನಕ್ಕೆ ನೂರು ಸಲ ಕೂಗುವ ಮಾತು. ಬಾಂದ್ರಾದ ಮೇಲೆಯೂ ಅವರದೊಂದು ಹಾಡಿದೆ.

ಇಲ್ಲಿ ಗುರಿ ಅಮೆರಿಕದ ಗ್ಲ್ಯಾಮ್ ತಾರೆಯರಲ್ಲ. ಮೆಟಲ್ ಎಂದರೆ ಸಾವು, ಸೈತಾನ, ಯುದ್ಧ ಎಂಬ ಬಿಗುಮಾನವನ್ನು ಮುಂಬಯಿಯ ಕೋಳಿ, ಬಸ್ಸು, ಉಪನಗರಗಳ ಮುಂದೆ ನಿಲ್ಲಿಸಿ ಸಡಿಲಗೊಳಿಸಿದ್ದು ವರ್ಕ್‌ಶಾಪ್‌ನ ವಿಶೇಷ. ನುಡಿಸಾಣಿಕೆ ಮಾತ್ರ ಎಳ್ಳಷ್ಟೂ ಸಡಿಲವಲ್ಲ. ಹಮ್ಜಾ ಕಾಜಿ, ದೇವೇಶ್ ದಯಾಳ್ ಇಬ್ಬರೂ ದೇಶದ ಅತ್ಯುತ್ತಮ ವಾದ್ಯಗಾರರ ಸಾಲಿನವರು. ಕಾಲೇಜು ಉತ್ಸವಗಳಲ್ಲಿ, ಲೋವರ್ ಪರೇಲಿನ ಬ್ಲೂ ಫ್ರಾಗ್, ಅಂಧೇರಿಯ ಬಿ69 ಮುಂತಾದ ತಾಣಗಳು ನಡೆದ ವರ್ಷಗಳಲ್ಲಿ ಮುಂಬಯಿಯ ಮೆಟಲ್ ಕೇಳುಗರಿಗೆ ಈ ತಂಡ ಅಚ್ಚುಮೆಚ್ಚಾಗಿತ್ತು. ಆ ವಲಯದಾಚೆಗೆ ಅದು ಪಾಪ್ ಆಗಲಿಲ್ಲ. ಸಾಹಿಲ್ ಮಖೀಜಾರನ್ನು ಜಗತ್ತಿನ ದೊಡ್ಡ ಸಂಖ್ಯೆಯ ಜನ ಇಂದು ಬಲ್ಲದ್ದು ಯೂಟ್ಯೂಬ್‌ನ ‘ಹೆಡ್‌ಬ್ಯಾಂಗರ್ಸ್ ಕಿಚನ್’ ಅಡುಗೆ ವಾಹಿನಿಯಿಂದ. ಮೆಟಲ್ ಸಂಗೀತಗಾರರ ಜೊತೆ ಹರಟುತ್ತ ಮಾಂಸ ಬೇಯಿಸುವ ಕಾರ್ಯಕ್ರಮವಾಗಿ ಆರಂಭವಾದ ಅದು ಕೀಟೊ ಪಥ್ಯದ ಅಡುಗೆಗೆ ಹೆಸರಾಯಿತು.

ತಡೆಗಳು

ಗ್ಲ್ಯಾಮ್ ಅಣಕದ ತಂಡವೊಂದು ಮುಂಬಯಿಯಲ್ಲಿ ಜನಪ್ರಿಯವಾಗದೆ ಹೋದದ್ದಕ್ಕೆ ಹೊರಗಿನ ಕಾರಣಗಳೂ ಇವೆ. ಸ್ಟೀಲ್ ಪ್ಯಾಂಥರ್ ತಮ್ಮ ಜನರನ್ನು ಸಂಪಾದಿಸಿದ್ದು ಒಂದೇ ಬೀದಿಯಲ್ಲಿ ವಾರವಾರ, ವರ್ಷಗಟ್ಟಲೆ ನುಡಿಸಿ. ಮುಂಬಯಿಯಲ್ಲಿ ಅಂಥ ಜಾಗ ಬಾಳಲಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಸಾರಿದ 2000ದ ಶಬ್ದಮಾಲಿನ್ಯ ನಿಯಮಗಳ ನಂತರ, ಕಾಮಾ ಆಸ್ಪತ್ರೆ ಮತ್ತು ಕಾಲೇಜುಗಳ ನಡುವಿನ ರಂಗಭವನದಲ್ಲಿ ರಾಕ್ ನಿಂತಿತು. ರೋಗಿಯ ನಿದ್ದೆಗೆ ಸಂಗೀತಕ್ಕಿಂತ ಹೆಚ್ಚಿನ ಹಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಬದಲಾಗಿ ಅಗ್ಗದ, ತೆರೆದ, ರೈಲು ನಿಲ್ದಾಣಕ್ಕೆ ಹತ್ತಿರದ ಇನ್ನೊಂದು ರಂಗವನ್ನು ನಗರ ಕಟ್ಟಿಕೊಡಲಿಲ್ಲ. ಜುಹುವಿನ ರ್‍ಯಾಝ್‌ಬೆರಿ ರೈನೋಸರಸ್ ಕ್ಲಬ್ಬು ಮುಚ್ಚಿತು. 2007ರಲ್ಲಿ ತೆರೆದ ಬ್ಲೂ ಫ್ರಾಗ್ 2016ರಲ್ಲಿ ಬಾಗಿಲು ಹಾಕಿತು. ಪಶ್ಚಿಮದ ದೊಡ್ಡ ಮೆಟಲ್ ತಂಡಗಳಾದ ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಮುಂಬಯಿಯ ಹುಡುಗರು ರೈಲು ಹತ್ತಿ ಬಂದರು.

ಕಾನೂನು ಇನ್ನೊಂದು ಮಗ್ಗುಲು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಟೀಕೆ ಮತ್ತು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ, ಅಣಕವನ್ನು ಹೆಸರಿಸುವುದಿಲ್ಲ. ಮಲಯಾಳದ ಪ್ರಸಿದ್ಧ ನಾಟಕವೊಂದಕ್ಕೆ ಬರೆದ ಪ್ರತಿನಾಟಕವನ್ನು ಕೇರಳ ಹೈಕೋರ್ಟು 1996ರ ಸಿವಿಕ್ ಚಂದ್ರನ್ ಮೊಕದ್ದಮೆಯಲ್ಲಿ ಎತ್ತಿಹಿಡಿದದ್ದು ಅಣಕಕಾರರಿಗೆ ಮುಖ್ಯ ಆಸರೆ. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಸೆಕ್ಷನ್ ಪ್ರಕಾರ ಹಾಡಿನ ಮೊದಲ ಮುದ್ರಣವಾದ ಐದು ವರ್ಷಗಳ ನಂತರ ಪರವಾನಗಿ ಶುಲ್ಕ ಕಟ್ಟಿ ಕವರ್ ಮಾಡಬಹುದು, ಆದರೆ ಸಾಹಿತ್ಯವನ್ನು ಬೇಕಾದಂತೆ ಬದಲಿಸುವಂತಿಲ್ಲ. ಹಾಡು ಬದಲಿಸುವುದೇ ಅಣಕದ ಉಸಿರಾದ್ದರಿಂದ ಈ ದಾರಿ ಅದಕ್ಕೆ ಮುಚ್ಚಿದೆ.

ಸ್ಟೀಲ್ ಪ್ಯಾಂಥರ್ ಮಾದರಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರ ಸಾಹಿತ್ಯದ ಹೆಚ್ಚಿನ ಭಾಗ ಹೆಣ್ಣಿನ ಮೇಲಿನ ಒರಟು ಅಶ್ಲೀಲ. ಹಳೆಯ ಗ್ಲ್ಯಾಮ್ ತಂಡಗಳ ಗಂಡುಗರ್ವವನ್ನು ಅಣಕಿಸುತ್ತೇವೆ ಎಂಬ ಸಮಜಾಯಿಷಿ ಹಾಡು ಹಾಡಾದ ಹಾಗೆ ತೆಳುವಾಗುತ್ತದೆ. ಅದು ಮುಂಬಯಿಯಲ್ಲಿ ಬೇರೂರದಿದ್ದದ್ದು ನಷ್ಟವಲ್ಲ.

ಸಿನಿಮಾ ಸೇರಿದವರು, ಆಚೆ ಹೋದವರು

ಮುಂಬಯಿಯ ರಾಕ್ ಪಾಪ್ ಆದ ರಾಜಮಾರ್ಗ ಸಿನಿಮಾದ್ದು. 1994ರಲ್ಲಿ ಹುಟ್ಟಿದ ಪೆಂಟಗ್ರಾಮ್ ತಂಡದ ಗಾಯಕ ವಿಶಾಲ್ ದದ್ಲಾನಿ, ಶೇಖರ್ ರವಜಿಯಾನಿ ಜೊತೆ ಸೇರಿ 1999ರ ‘ಪ್ಯಾರ್ ಮೇ ಕಭೀ ಕಭೀ’ಯಿಂದ ಸಂಗೀತ ನಿರ್ದೇಶಕರಾದರು, 2003ರ ‘ಝಂಕಾರ್ ಬೀಟ್ಸ್’ ಹೆಸರು ತಂದಿತು. ಪೆಂಟಗ್ರಾಮ್ 2005ರಲ್ಲಿ ಇಂಗ್ಲೆಂಡಿನ ಗ್ಲ್ಯಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿತು. 2008ರ ಆಗಸ್ಟಿನಲ್ಲಿ ಬಂದ ಅಭಿಷೇಕ್ ಕಪೂರ್ ನಿರ್ದೇಶನದ ‘ರಾಕ್ ಆನ್’, ಮ್ಯಾಜಿಕ್ ಎಂಬ ಕಲ್ಪಿತ ಮುಂಬಯಿ ತಂಡದ ಕಥೆ. ಶಂಕರ್-ಎಹಸಾನ್-ಲಾಯ್ ಸಂಗೀತ, ಫರ್ಹಾನ್ ಅಖ್ತರ್ ನಟನೆ ಮತ್ತು ಕಂಠ. ಹಿಂದಿಯ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ರಾಕ್ ಮಷೀನ್ ವರ್ಷಗಟ್ಟಲೆ ದುಡಿದರೂ ತಲುಪದ ಕಿವಿಗಳನ್ನು ಇಲ್ಲದ ತಂಡವೊಂದು ವಾರದಲ್ಲಿ ತಲುಪಿತು.

ಕನ್ನಡಕ್ಕೂ ಈ ದಾರಿಯಲ್ಲಿ ಒಂದು ಲಾಭವಾಯಿತು. ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ವಿಶಾಲ್-ಶೇಖರ್ ತಮ್ಮ ಗಳಿಕೆಯಿಂದ ಮುಂಬಯಿಯಲ್ಲಿ ಆರಂಭಿಸಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ. ಶಿಶುನಾಳ ಶರೀಫರ ಪದಗಳನ್ನು ರಾಕ್ ವಾದ್ಯಗಳ ಜೊತೆ ದೇಶದ ವೇದಿಕೆಗಳಿಗೆ ಕೊಂಡೊಯ್ದ ಆ ದನಿಗೆ ಬೆಂಬಲ ಸಿಕ್ಕಿದ್ದು ರಾಕ್ ತಂಡದಿಂದ ಸಿನಿಮಾಕ್ಕೆ ಹೋದವರಿಂದ. ಪರಧಾಟಿಯನ್ನು ನಗೆಗೆ ಒಗ್ಗಿಸುವ ವಿದ್ಯೆ ಕನ್ನಡಕ್ಕೆ ಇನ್ನೂ ಹಳೆಯದು, ಟಿ.ಪಿ. ಕೈಲಾಸಂ ಅವರ ‘ಕೋಳಿಕೆ ರಂಗ’ ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನ ಧಾಟಿಯದು, ಮೂಲವನ್ನು ಜನ ಮರೆತರೂ ಅದು ಉಳಿದಿದೆ.

ಅಣಕು ಮೆಟಲ್‌ನಿಂದ ಹೊರಟು ಜಗತ್ತಿನ ಮುಖ್ಯಧಾರೆ ಮುಟ್ಟಿದ ಭಾರತೀಯ ತಂಡ ಕೊನೆಗೂ ಬಂದದ್ದು ದೆಹಲಿಯಿಂದ. ವಕೀಲಿ ಕೆಲಸ ಬಿಟ್ಟ ಕರಣ್ ಕಟಿಯಾರ್ ಮತ್ತು ಗಾಯಕ ಜಯಂತ್ ಭಡುಲಾ 2016ರಲ್ಲಿ ಆರಂಭಿಸಿದ ಬ್ಲಡಿವುಡ್ ಮೊದಲು ಜನಪ್ರಿಯ ಹಾಡುಗಳನ್ನು ಮೆಟಲ್‌ಗೆ ತಿರುಗಿಸಿ ನಗಿಸುತ್ತಿತ್ತು.  ದಲೇರ್ ಮೆಹಂದಿಯ 1998ರ ‘ತುನಕ್ ತುನಕ್ ತುನ್’ ಕೂಡ ಅವರ ಕೈಗೆ ಸಿಕ್ಕಿತು. ರೌಲ್ ಕೆರ್ ಅವರ ರ್‍ಯಾಪ್ ಸೇರಿದ ಮೇಲೆ, 2018ರ ‘ಆರಿ ಆರಿ’ಯಿಂದ, ಡೋಲು-ಕೊಳಲುಗಳೊಂದಿಗೆ ಪಂಜಾಬಿ-ಹಿಂದಿಯಲ್ಲಿ ತಮ್ಮದೇ ಮಾತು ಹೇಳತೊಡಗಿದರು. 2019ರಲ್ಲಿ ಜರ್ಮನಿಯ ವಾಕೆನ್ ಉತ್ಸವ, 2022ರಲ್ಲಿ ಬಿಲ್‌ಬೋರ್ಡ್ ಪಟ್ಟಿ ಹೊಕ್ಕ ‘ರಕ್ಷಕ್’, 2024ರಲ್ಲಿ ‘ಮಂಕಿ ಮ್ಯಾನ್’ ಚಿತ್ರದೊಳಗೆ ಅವರ ‘ದನಾ ದನ್’, 2025ರಲ್ಲಿ ‘ನು ಡೆಲ್ಲಿ’. ನಗೆ ಅವರಿಗೆ ಬಾಗಿಲು ತೆರೆಯಿತು. ಒಳಗೆ ಕೂರಲು ಜಾಗ ಕೊಟ್ಟದ್ದು ಅವರ ಸ್ವಂತ ಭಾಷೆ.

ಮುಂಬಯಿಯ ಈ ಸಂಗೀತದ ಮೊದಲ ಎರಡು ದಶಕಗಳು ಉಳಿದಿರುವುದು ಹೆಚ್ಚಾಗಿ ಕ್ಯಾಸೆಟ್ಟುಗಳಲ್ಲಿ, ಮನೆಯ ವಿಡಿಯೋ ಟೇಪುಗಳಲ್ಲಿ, ಕಾಲೇಜು ಉತ್ಸವಗಳ ಕರಪತ್ರಗಳಲ್ಲಿ. ಕ್ಯಾಸೆಟ್ಟಿನ ಪಟ್ಟಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾಗುತ್ತದೆ. ಮಾಟುಂಗಾ, ಡೊಂಬಿವಿಲಿ, ಮುಲುಂಡಗಳ ಕನ್ನಡ ಮನೆಗಳ ಅಟ್ಟದಲ್ಲಿ ರಂಗಭವನದ ದಿನಗಳ ಇಂಥ ವಸ್ತುಗಳಿದ್ದರೆ ಓದುಗರು ಎಸೆಯದೆ, ಈಗಲೇ ಡಿಜಿಟಲ್ ಪ್ರತಿ ಮಾಡಿಸಿ ಇಟ್ಟುಕೊಳ್ಳಬೇಕು.